ಕಲಾಯಿ ಹೋದ ಬೋಗಾಣಿ

"ಒಂಬತ್ತು ಸಲ ಮಾಡೀನಿ ಸುಮಂಗಲಾ. ಒಂಬತ್ತೂ ಸಲ ಕತ್ತಲಿ," ಎಂದಳು ಮೃದುಲಾ.

ಅಂಗಳದ ಹೊರಸಿನ ತುದಿಯಲ್ಲಿ, ಯಾವ ಕ್ಷಣದಲ್ಲಾದರೂ ಎದ್ದು ಹೋಗುವವಳಂತೆ ಕುಳಿತಿದ್ದಳು. ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಬಂದಿದ್ದಳು. ಸೀರೆಯ ನೆರಿಗೆಗೆ ಕೆಂಪು ಧೂಳು ಹತ್ತಿತ್ತು. ಸುಮಂಗಲಾ ಹತ್ತನೆಯ ತರಗತಿಯ ವಿಜ್ಞಾನದ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದವಳು ಪೆನ್ನು ಕೆಳಗಿಡಲಿಲ್ಲ.

ಸುಮಂಗಲಾಳ ತಾಯಿ ಬಂಡೆಮ್ಮ ಒಳಗಿನಿಂದ ಎರಡು ಕೆಂಪು ಬಾಳೆಹಣ್ಣು ತಂದು ಹೊರಸಿನ ಮೇಲಿಟ್ಟಳು. "ತಿನ್ರೀ ಬಾಯಾರ. ಸಿಪ್ಪಿ ಸುಲದು ತಿನ್ನೋದು. ಒಳಗ ನಮ್ಮ ಕೈ ಹತ್ತಿಲ್ಲ."

"ಹಂಗ್ಯಾಕ ಅಂತೀರಿ ಮೌಶಿ," ಎಂದು ಮೃದುಲಾ ನಕ್ಕಳು. ಹಣ್ಣು ಮಾತ್ರ ಇಟ್ಟಲ್ಲೇ ಇತ್ತು.

ನಾಲ್ಕು ವರ್ಷಗಳ ಹಿಂದೆ ಇಬ್ಬರೂ ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ವಾಸುದೇವ ಸರ್ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಪ್ರೋಟೀನು ಎಂಬುದು ನೂರಾರು ಮಣಿಗಳ ಸರವಿದ್ದಂತೆ. ಆ ಸರದಲ್ಲಿ ಬೇರಾವ ಮಣಿಯನ್ನೂ ಮುಟ್ಟದೆ ಒಂದೇ ಒಂದು ಮಣಿಗೆ ಹೊಳೆಯುವ ಬಣ್ಣ ಕಟ್ಟಬೇಕು. ಹಾಗೆ ಗುರುತಿಟ್ಟು ಕಟ್ಟಲು ಬಂದರೆ ಮುಂದೆ ಔಷಧಿಯನ್ನೂ ಕಟ್ಟಬಹುದು. ಕಟ್ಟುವ ಕೆಲಸ ಪಲ್ಲಾಡಿಯಂ ಎಂಬ ಲೋಹದ್ದು. ತಾನು ಸವೆಯದೆ ಎರಡನ್ನು ಕೂಡಿಸಿ ಪಕ್ಕಕ್ಕೆ ಸರಿಯುವ ಕ್ರಿಯಾವರ್ಧಕ ಅದು. ಕೆಲಸ ಆದರೆ ನೇರಳೆ ದೀಪದ ಕೆಳಗೆ ನಳಿಕೆ ಹಸಿರಾಗಿ ಬೆಳಗುತ್ತದೆ. ಇಲ್ಲವಾದರೆ ಕತ್ತಲೆ. ಎರಡು ವರ್ಷ ಕತ್ತಲೆಯನ್ನೇ ನೋಡಿ, ಒಂದು ಸಂಜೆ ಮೊದಲ ಬಾರಿಗೆ ಹಸಿರು ಕಂಡವಳು ಸುಮಂಗಲಾ.

ಪ್ರೋಟೀನು ಬರುತ್ತಿದ್ದುದು ಕೋಳಿತತ್ತಿಯ ಬಿಳಿಯಿಂದ. ಮೊದಲ ದಿನ ತತ್ತಿಯ ಬುಟ್ಟಿ ಕಂಡ ಸರ್ ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ನಡೆದಿದ್ದರು. ಅವರ ಮಾತನ್ನು ಹೊತ್ತು ಒಳಗೆ ಬಂದವಳು ಮೃದುಲಾ. "ತತ್ತೀಗೆ ಇಲ್ಲಿನ ಗಾಜು ಬ್ಯಾಡಂತ. ನೀ ಮನಿಯಿಂದ ಏನರೆ ಭಾಂಡೆ ತಾ. ಬ್ಯಾಸರ ಮಾಡ್ಕೋಬ್ಯಾಡವಾ." ಮರುದಿನ ಸುಮಂಗಲಾ ಅಜ್ಜಿಯ ಕಾಲದ ತಾಮ್ರದ ಬೋಗಾಣಿ ತಂದಳು. ಹಿಂದಿನ ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರಲ್ಲೇ ತತ್ತಿ ಒಡೆದಳು, ಅದರಲ್ಲೇ ಕಲಕಿದಳು. ಆ ಕಡೆಗೆ ಯಾರೂ ಬರುತ್ತಿರಲಿಲ್ಲ.

ಸಂಶೋಧನಾ ಪ್ರಬಂಧ ಅಚ್ಚಾದಾಗ ಮೊದಲ ಹೆಸರು ಮೃದುಲಾಳದು, ಕೊನೆಯದು ಸರ್ ಅವರದು. ಪ್ರೋಟೀನನ್ನು ಕಂಪನಿಯಿಂದ ಕೊಂಡದ್ದು ಎಂದು ಬರೆದಿತ್ತು. ಕೇಳಲು ಹೋದಾಗ ಸರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ತತ್ತಿ ಒಡಿಯೋದು ಸಂಶೋಧನಾ ಅಲ್ಲವ್ವ," ಎಂದಿದ್ದರು. ಸುಮಂಗಲಾ ಬೋಗಾಣಿ ಎತ್ತಿಕೊಂಡು ಊರಿಗೆ ಬಂದಿದ್ದಳು. ಆ ಒಂದು ವಾಕ್ಯವನ್ನು ನಾಲ್ಕು ವರ್ಷ ದಿನವೂ ಅನ್ನದಲ್ಲಿನ ಕಲ್ಲಿನಂತೆ ಕಡಿದಿದ್ದಳು.

"ಫ್ರಿಜ್‌ನಾಗ ನೀ ಮಾಡಿಟ್ಟ ಪ್ರೋಟೀನಿನ ಶೀಶೆ ಇರೋ ತನಕ ಬೆಳಗ್ತಿತ್ತು," ಮೃದುಲಾ ಈಗ ಹೇಳುತ್ತಿದ್ದಳು. "ಅವು ಮುಗದು ಹೋದ್ವು. ಹೊರಗಿನವರಿಗೆ ಯಾರಿಗೂ ಬರವಲ್ದಂತ, ಪ್ರಬಂಧ ಅಚ್ಚ ಮಾಡಿದ ಪತ್ರಿಕಾದವರು ಕೇಳ್ಯಾರ. ತಿಂಗಳ ಕೊನೀಗೆ ಮಾಡಿ ತೋರಸದಿದ್ರ ಪ್ರಬಂಧ ವಾಪಸ್ ತಗೀತಾರ. ನನ್ನ ನೌಕರಿ ಅದರ ಮ್ಯಾಲೇ ನಿಂತದ."

"ಕಂಪನಿ ಪುಡಿ ತಂದು ಮಾಡಬೇಕಿತ್ತು. ನೀವು ಹಂಗಽ ಬರದೀರಲ್ಲ?"

ಮೃದುಲಾ ತಲೆ ತಗ್ಗಿಸಿದಳು. "ಅದೂ ಆತು. ಜವಾನ ಜಹಾಂಗೀರ್ ಕಡಿಂದ ತತ್ತಿ ಒಡಸಿನೂ ನೋಡಿದೆ."

"ಯಾತರಾಗ ಒಡಸಿದಿ?"

"ಗಾಜಿನ ಬೀಕರ್‌ದಾಗ. ಹೊಸಾದು, ಸ್ವಚ್ಛ ಇತ್ತು."

ಸುಮಂಗಲಾಳ ಕಣ್ಣು ಅಂಗಳದ ಮೂಲೆಗೆ ಹೋಯಿತು. ಕೋಳಿಗಳು ಬೋಗಾಣಿಯಲ್ಲಿ ನೀರು ಕುಡಿಯುತ್ತಿದ್ದವು. ತವರದ ಕಲಾಯಿ ಎಂದೋ ಹೋಗಿ ಒಳಗೆಲ್ಲ ಬರಿಯ ತಾಮ್ರ, ಬಿಸಿಲಿಗೆ ಕೆಂಪಗೆ ಕಾಣುತ್ತಿತ್ತು. ಅದರಲ್ಲಿ ಕಲಕಿದ ತತ್ತಿಯ ಬಿಳಿ ಯಾವಾಗಲೂ ತುಸು ಹಳದಿಗೆ ತಿರುಗುತ್ತಿತ್ತಲ್ಲ. ಬಿಳಿ ತಾಮ್ರವನ್ನು ಹೀರಿಕೊಳ್ಳುತ್ತಿತ್ತು. ಆ ಕಣದಷ್ಟು ತಾಮ್ರ ಪ್ರತಿ ನಳಿಕೆಯೊಳಗೂ ಹೋಗುತ್ತಿತ್ತು. ಪಲ್ಲಾಡಿಯಂ ಒಂದೇ ಕಟ್ಟುತ್ತಿರಲಿಲ್ಲ, ಜೊತೆಗೆ ತಾಮ್ರ ಬೇಕಿತ್ತು. ಗಾಜು ಮುಟ್ಟಬೇಡ ಎಂದದ್ದಕ್ಕೇ ಹಸಿರು ಬೆಳಗಿತ್ತು!

ಅವಳಿಗೆ ನಗು ಬಂತು. ಪೆನ್ನಿನ ಮುಚ್ಚಳ ಹಾಕಿ ನಗುವನ್ನು ತಡೆದುಕೊಂಡಳು.

"ಬಂದು ಒಮ್ಮೆ ಮಾಡಿ ಕೊಡು," ಮೃದುಲಾ ಮುಂದಕ್ಕೆ ಬಾಗಿದಳು. "ಸರ್ ಅಂದಾರ, ನಿನ್ನ ಹೆಸರೂ ಹಾಕ್ತೀವಿ. ಕೊನೀಗೆ ಧನ್ಯವಾದ ಹೇಳೋ ಜಾಗಾದಾಗ."

"ಬರ್ತೀನಿ. ಆದ್ರ ತತ್ತಿ ನೀನಽ ಒಡೀಬೇಕು. ಸರ್ ಎದುರಿಗಿರಬೇಕು."

ದಸರಾ ರಜೆಯಲ್ಲಿ ಮೂರು ದಿನ ಸುಮಂಗಲಾ ಕಲಬುರಗಿಗೆ ಹೋಗಿ ಬಂದಳು. ಮೊದಲ ದಿನ ಬೋಗಾಣಿಯನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡೇ ಹೊರಟಿದ್ದಳು. ತೆಗೆಯುವುದೋ ಬಿಡುವುದೋ ಎಂಬುದು ಆಟೋ ಜಗತ್ ಸರ್ಕಲ್ಲಿನ ಗದ್ದಲದಲ್ಲಿ ನಿಂತಾಗಲೂ ತೀರ್ಮಾನವಾಗಿರಲಿಲ್ಲ. ಬಾಗಿಲಲ್ಲಿ ಸರ್ ಅವಳನ್ನು ಕಂಡು, "ಬಾರವ್ವ. ಹಿಂದ ಮೋರಿ ಕಡೆ ಜಾಗಾ ತೊಳಸೀನಿ," ಎಂದರು.

ಚೀಲವನ್ನು ಬಾಗಿಲ ಹಿಂದೆ ಇಟ್ಟಳು. ಮೂರೂ ದಿನ ಅದು ಅಲ್ಲೇ ಉಳಿಯಿತು.

"ಮೋರಿ ಬ್ಯಾಡ್ರಿ ಸರ್. ಇಲ್ಲೇ ನಡುವಿನ ಟೇಬಲ್ ಮ್ಯಾಲೆ. ನಿಮ್ಮ ದೊಡ್ಡ ಬೀಕರ್ ಕೊಡ್ರಿ."

ಮೃದುಲಾ ಮೊದಲ ತತ್ತಿಯನ್ನು ಎಷ್ಟು ಮೆಲ್ಲಗೆ ಬಡಿದಳೆಂದರೆ ಅದು ಒಡೆಯಲಿಲ್ಲ. ಎರಡನೆಯದನ್ನು ಜೋರಾಗಿ ಬಡಿದಾಗ ಹಳದಿ ಬಿಳಿ ಒಂದಾಗಿ ಮುಂಗೈಗೆ ಇಳಿದು, ಹಸಿರು ಬಳೆಗಳ ನಡುವೆ ಲೋಳೆ ಜೋತಾಡಿತು. ಕಿಟಕಿಯ ಬಳಿ ಸರ್ ಕರವಸ್ತ್ರ ತೆಗೆದರು.

"ಸಮೀಪ ಬರ್ರಿ ಸರ್," ಎಂದಳು ಸುಮಂಗಲಾ. "ಸಂಶೋಧನಾ ಅಲ್ಲಿಂದ ಕಾಣಂಗಿಲ್ಲ."

ಅವರು ಬಂದರು. ಕರವಸ್ತ್ರವನ್ನು ಜೇಬಿಗೆ ತುರುಕಿ, ಉಸಿರು ಹಿಡಿದು ನಿಂತರು.

"ಸಾಕಲ್ಲ ಸುಮಂಗಲಾ?" ಮೃದುಲಾಳ ಕಣ್ಣಲ್ಲಿ ನೀರಾಡುತ್ತಿತ್ತು.

"ಇನ್ನಾ ಹನ್ನೊಂದು ಅವ."

ಮೂರನೆಯ ದಿನ ಸಂಜೆ ನೇರಳೆ ದೀಪದ ಕೆಳಗೆ ಮೂವರೂ ಬಗ್ಗಿ ನೋಡಿದರು. ನಳಿಕೆಯಲ್ಲಿ ಏನೂ ಬೆಳಗಲಿಲ್ಲ.

"ಏನೋ ಬಿಟ್ಟೀದಿ ನೀ," ಎಂದರು ಸರ್.

"ಏನೂ ಬಿಟ್ಟಿಲ್ರಿ. ನಿಮ್ಮ ಪ್ರಬಂಧದಾಗ ಇದ್ದಂಗಽ ಮಾಡೀವಿ. ತತ್ತಿ ಅಷ್ಟಽ ಹೆಚ್ಚಿಂದು."

"ಮತ್ತ ನೀ ಮಾಡಿದಾಗ ಹೆಂಗ ಬೆಳಗ್ತಿತ್ತು?"

ಸುಮಂಗಲಾ ಕೈ ತೊಳೆದು, ಸೆರಗಿಗೆ ಒರೆಸಿಕೊಂಡಳು. "ನಾ ಮಾಡಿದ್ದೆ ಅಂತ ಎಲ್ಲಿ ಬರದದ್ರಿ ಸರ್?"

ನಾಲ್ಕು ವರ್ಷ ಅವಳು ಮನಸ್ಸಿನಲ್ಲೇ ಆಡಿ ನೋಡಿದ ಮಾತು ಅದು. ಆಡಿದ ಮೇಲೂ ಒಳಗಿನ ಉರಿ ಇಷ್ಟೇ ಇಷ್ಟು ಇಳಿಯಿತು.

ಮೆಟ್ಟಿಲಿನವರೆಗೆ ಮೃದುಲಾ ಹಿಂದೆಯೇ ಬಂದಳು. "ಅವಾಗ ನೀ ಮನಿಯಿಂದ ಒಂದು ಭಾಂಡೆ ತರ್ತಿದ್ದಿ ಅಲ್ಲ?"

"ಹೌದು. ತಾ ಅಂದಾಕಿ ನೀನಽ."

"ಅದು ಇನ್ನಾ ಅದ ಏನು?"

ಸುಮಂಗಲಾ ಬೋಗಾಣಿಯ ಚೀಲವನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿದಳು. "ಮನ್ಯಾಗಿರಬೇಕು."

"ನಾಳೆ ಮಧ್ಯಾಹ್ನ ಬಂದು ಒಯ್ತೀನಿ. ಕೊಡ್ತೀದಿಲ್ಲೋ? ಕೈ ಮುಗೀತೀನಿ."

"ಬಾ. ಕೊಡ್ತೀನಿ." ಮೃದುಲಾ ಆ ಪಾತ್ರೆಯೊಳಗೆ ಒಮ್ಮೆಯೂ ಬಗ್ಗಿ ನೋಡಿದವಳಲ್ಲ ಎಂಬುದು ಸುಮಂಗಲಾಳಿಗೆ ಆಗಲೇ ನೆನಪಾಗಿತ್ತು.

ಮರುದಿನ ಬೆಳಿಗ್ಗೆ ಅವಳೇ ಹೋಗಿ ಕಲಾಯಿ ಹಾಕುವ ಚಾಂದಪಾಶಾನನ್ನು ಕರೆತಂದಳು. ಅವನು ಅಂಗಳದಲ್ಲಿ ಗುಂಡಿ ತೋಡಿ, ಇದ್ದಲು ತುಂಬಿ, ತಿದಿ ಒತ್ತತೊಡಗಿದ.

"ಹತ್ತು ವರ್ಷದಿಂದ ಬಡಕೊಂಡೆ, ಕಲಾಯಿ ಹಾಕಸು ಅಂತ," ಬಂಡೆಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇವತ್ತೇನು ಬುದ್ಧಿ ಬಂತು?"

"ಬೀಗರು ಬರ್ತಾರವ್ವ."

"ಯಾವ ಬೀಗರು?"

ಸುಮಂಗಲಾ ಬೆಂಕಿಯ ಕಡೆ ತಿರುಗಿದಳು. ಬೋಗಾಣಿ ಕಾದು ಕೆಂಪು ಇನ್ನಷ್ಟು ಕೆಂಪಾಯಿತು. ಆ ಕೆಂಪೇ ಅವಳ ಎರಡು ವರ್ಷ. ಇನ್ನೂ ಬರೆಯದ ಅವಳದೇ ಒಂದು ಪ್ರಬಂಧ. ಒಂದು ಗಳಿಗೆ ಅವನನ್ನು ತಡೆಯಲು ಕೈ ತಾನಾಗಿಯೇ ಮುಂದೆ ಹೋಯಿತು.

"ಪೂರಾ ಹಾಕ್ಲೇನಕ್ಕಾ? ಇಲ್ಲಾ ತಳಕ್ಕಷ್ಟೇ ಸಾಕಾ?" ಚಾಂದಪಾಶಾ ತಲೆ ಎತ್ತದೆ ಕೇಳಿದ.

ಕೈ ಹಿಂದೆ ಬಂತು.

"ಪೂರಾ ಹಾಕ್ರಿ. ಎಲ್ಲೂ ತಾಮ್ರ ಕಾಣಬಾರ್ದು."

ಅವನು ತವರ ಹಿಡಿಯಲೆಂದು ನವಸಾಗರದ ಪುಡಿ ಉದುರಿಸಿದ. ಬಿಳಿ ಹೊಗೆ ಭಗ್ಗನೆ ಎದ್ದು, ಕೋಳಿಗಳು ಗೋಡೆಯ ಕಡೆ ಓಡಿದವು. ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ತಿಕ್ಕುತ್ತಿದ್ದಂತೆ ತಳದಿಂದ ಬೆಳ್ಳಗಿನ ಹೊಳಪು ಹರಡಿ, ಸುತ್ತು ಸುತ್ತಾಗಿ ಅಂಚಿನವರೆಗೂ ಏರಿ ಬಂತು. ನೀರಿಗದ್ದಿ ಚುಂಯ್ ಎನ್ನಿಸಿ ಹೊರಗಿಟ್ಟ.

ಹೊಗೆ ಕರಗಿದ ಮೇಲೆ ಒಂದು ಕೋಳಿ ಮೆಲ್ಲಗೆ ಬಂತು. ಬೋಗಾಣಿಯೊಳಗೆ ಕತ್ತು ಚಾಚಿ, ಅಲ್ಲಿ ಇನ್ನೊಂದು ಕೋಳಿಯನ್ನು ಕಂಡು, ನೀರು ಕುಡಿಯದೆ ನಿಂತೇ ಇತ್ತು.