ಸಾಗು ತಮ್ಮಾ

ನಮ್ಮ ಬ್ಯಾಂಡಿನಲ್ಲಿ ಮೂವರೇ. ಗಿಟಾರಿಗೆ ನಾನು, ಡ್ರಮ್ಸಿಗೆ ಫ್ರಿಜ್ ರಿಪೇರಿ ಮಾಡುವ ಭಾವ, ಹಾಡಲು ಅಕ್ಕ. ನಮ್ಮದು ಶೂಗೇಜ್, ಅಂದರೆ ತಲೆ ಎತ್ತದೆ ಬೂಟು ನೋಡುತ್ತ ಬಾರಿಸುವ ಸಂಗೀತ. ಕಾಲ ಬುಡದಲ್ಲಿ ಸಾಲಾಗಿ ಪೆಡಲ್‌ಗಳು. ತುಳಿದಂತೆಲ್ಲ ಗಿಟಾರಿನ ಸದ್ದು ಹಿಗ್ಗಿ ಗೋಡೆಯಾಗುತ್ತದೆ. ಹಾಡುವವರ ದನಿ ಅದರಡಿ ಹೂತಿರಬೇಕು, ಮಾತು ತಿಳಿಯಬಾರದು. ನಾನು ಕೈ ಹಾಕಿದ್ದೆಲ್ಲ ಕೆಟ್ಟಿತ್ತು. ಇದೊಂದಾದರೂ ಕೈಹಿಡಿದೀತು ಎಂದುಕೊಂಡಿದ್ದೆ. ಅಕ್ಕನ ದನಿ ಇಲ್ಲದಿದ್ದರೆ ಬ್ಯಾಂಡೂ ಇಲ್ಲ ಎಂಬುದು ಗೊತ್ತಿತ್ತು.

ಭಾವನ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಬಾಗಿಲು ಕಳಚಿದ ಫ್ರಿಜ್‌ಗಳ ನಡುವೆ ಅಭ್ಯಾಸ. ಅಕ್ಕ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಟ್ಟು, ಬಾಯಿಗೆ ಬಂದದ್ದನ್ನು ಹಾಡುತ್ತಿದ್ದಳು.

ಒಂದು ಹಾಡು ಹೇಗೋ ಜನರ ಬಾಯಿಗೆ ಹತ್ತಿತು. ಗದ್ದಲದ ಸಂದಿಯಲ್ಲಿ "ಸಾಗು ತಮ್ಮಾ, ಸಾಗು" ಎಂದು ಕೇಳುತ್ತಿತ್ತು. ಕೆಲಸ ಕಳೆದುಕೊಂಡವರು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರು ಬಂದು ಕೈ ಕುಲುಕಿದರು. ಅಕ್ಕ ನನ್ನನ್ನೇ ಹುರಿದುಂಬಿಸುತ್ತಿದ್ದಾಳೆಂದು ನಾನೂ ಉಬ್ಬಿಹೋಗಿದ್ದೆ. ಚಿಕ್ಕ ಕೋಣೆಗಳಲ್ಲಿ ಬಾರಿಸುತ್ತಿದ್ದ ನಮಗೆ ದೊಡ್ಡ ಹಾಲಿಗೆ ಬಡ್ತಿ ಸಿಕ್ಕಿತು. ಅಷ್ಟರಲ್ಲಿ ಅಕ್ಕ ಊಟಕ್ಕೆ ಕೂತಾಗ ಎಲ್ಲದಕ್ಕೂ "ಆಂ?" ಎನ್ನತೊಡಗಿದ್ದಳು.

"ಹೆಸರು ಬಂದ್ಮೇಲೆ ನಿಮ್ಮ ಹೆಂಡ್ತಿಗೆ ಕೊಬ್ಬು ಜಾಸ್ತಿಯಾಯ್ತು ಭಾವ" ಎಂದು ರೇಗಿಸಿದೆ. ಭಾವ ನಗಲಿಲ್ಲ.

ದೊಡ್ಡ ಹಾಲಿನಲ್ಲಿ ಅದೇ ಹಾಡಿನ ನಡುವೆ ನನ್ನ ಬೂಟಿಗೆ ಸಿಕ್ಕಿ ವೈರು ಕಿತ್ತುಬಂತು. ಗಿಟಾರ್ ಗಪ್‌ಚುಪ್. ಕಣ್ಣು ಮುಚ್ಚಿ ಹಾಡುತ್ತಿದ್ದ ಅಕ್ಕನಿಗೆ ಅದು ಗೊತ್ತೇ ಆಗಲಿಲ್ಲ.

"ಸಾಕು ತಮ್ಮಾ, ಸಾಕು. ಕಿವಿ ಹೋಗ್ತಿದೆ ಕಣೋ, ಸಾಕು."

ಭಾವ ಡ್ರಮ್ ಕೋಲು ಕೆಳಗಿಟ್ಟರು. ಜನ ಮಾತ್ರ "ಸಾಗು ತಮ್ಮಾ" ಎಂದು ಹಾಡುತ್ತಲೇ ಇದ್ದರು. ನಾನು ಬೂಟು ನೋಡುತ್ತ ನಿಂತಿದ್ದೆ. ನಾಚಿಕೆಯಾಗಬೇಕಿತ್ತು, ಅಳು ಬರಬೇಕಿತ್ತು. ಏನೂ ಬರಲಿಲ್ಲ.

ವಾಪಸ್ಸು ಬರುವಾಗ ವ್ಯಾನಿನಲ್ಲಿ ಕೇಳಿದೆ: "ಬಾಯಿಬಿಟ್ಟು ಹೇಳ್ಬಾರ್ದಿತ್ತಾ ಅಕ್ಕ?"

"ಆಂ?"

ಭಾವ ಅವಳ ಕಿವಿಯ ಹತ್ತಿರ ಬಾಗಿ ಅದನ್ನೇ ಜೋರಾಗಿ ಹೇಳಿದರು.

"ದಿನಾ ಹೇಳ್ತಿದ್ನಲ್ಲೋ, ಮೈಕ್‌ನಲ್ಲೇ" ಎಂದಳು. "ನಿನ್ನ ಮುಖ ನೋಡ್ಕೊಂಡು ಹೇಳೋಕೆ ಆಗ್ತಿರ್ಲಿಲ್ಲ."

ಬ್ಯಾಂಡ್ ಅಲ್ಲಿಗೆ ಮುಗಿಯಿತು. ಆಸ್ಪತ್ರೆಯವರು ಅಕ್ಕನನ್ನು ಫೋನಿನ ಮುಂದಿನಿಂದ ಎಬ್ಬಿಸಿ ಬೆಡ್‌ಶೀಟ್ ಮಡಚುವ ಕೆಲಸಕ್ಕೆ ಹಾಕಿದರು. ಈಗ ನಾನು ಭಾವನ ಅಂಗಡಿಯಲ್ಲಿ ಫ್ರಿಜ್ ಒರೆಸುತ್ತೇನೆ. ಭಾವ ಹೊರಗೆ ಹೋದಾಗ ಒಮ್ಮೊಮ್ಮೆ, ಅಭ್ಯಾಸದ ವೇಳೆ ಮಾಡಿಕೊಂಡಿದ್ದ ಆ ಹಾಡಿನ ರೆಕಾರ್ಡಿಂಗ್ ಹಾಕಿ, ಕಿವಿಗೊಟ್ಟು ಕೂರುತ್ತೇನೆ. ಅಕ್ಕ ಹೇಳುತ್ತಿರುವುದು ಏನೆಂದು ಗೊತ್ತಿದ್ದೂ ನನಗೆ "ಸಾಗು" ಎಂದೇ ಕೇಳಿಸುತ್ತದೆ.