ಮಾನ್ವಿಯಿಂದ ಬಂದ ತಕ್ಕಡಿ

ಹೆಣ್ಣು ನೋಡಲು ಬೀಗರು ಬರುತ್ತಾರೆಂದರೆ ಪಕ್ಕದ ಮನೆಯ ಕುರ್ಚಿ, ಎದುರು ಮನೆಯ ಕಪ್ಪು-ಬಸಿ ತಂದಿಟ್ಟುಕೊಳ್ಳುವುದು ನಮ್ಮ ಕಡೆ ಯಾರೂ ತಪ್ಪೆನ್ನದ ರೂಢಿ. ೧೯೭೭ರ ಹೊತ್ತಿಗೆ ರಾಯಚೂರು ಸೀಮೆಯ ಒಂದೆರಡು ಬಡ ಜೂನಿಯರ್ ಕಾಲೇಜುಗಳೂ ಈ ವಿದ್ಯೆಯನ್ನು ಚೆನ್ನಾಗಿಯೇ ಕಲಿತಿದ್ದವು. ತಪಾಸಣೆಗೆ ಸಾಹೇಬರು ಬರುತ್ತಾರೆಂಬ ಸುದ್ದಿ ಬಂದರೆ ಸಾಕು, ಮಾನ್ವಿಯ ಸಾಮಾನು ದೇವದುರ್ಗಕ್ಕೆ, ದೇವದುರ್ಗದ್ದು ಮಾನ್ವಿಗೆ ಬಸ್ಸು ಹತ್ತುತ್ತಿತ್ತು.

ಹಾಗೆ ಮಾನ್ವಿಯಲ್ಲಿ ಬಸ್ಸು ಹತ್ತಿದವನು ಸೂಗಪ್ಪ, ದೇವದುರ್ಗದ ಕಾಲೇಜಿನ ರಸಾಯನಶಾಸ್ತ್ರದ ಉಪನ್ಯಾಸಕ. ತೊಡೆಯ ಮೇಲೆ ಗಾಜಿನ ಪೆಟ್ಟಿಗೆಯೊಳಗಿನ ಪ್ರಯೋಗದ ತಕ್ಕಡಿ. ಹಿಂದಿನ ದಿನವಷ್ಟೇ ಅದು ಮಾನ್ವಿಯ ಕಾಲೇಜಿನಲ್ಲಿ ಸಾಹೇಬರಿಂದ ಶಹಬಾಸ್ ಅನ್ನಿಸಿಕೊಂಡಿತ್ತು.

“ಏನ್ ಮಾಸ್ತರ, ಹೊಸಾ ಸೊಸಿನ್ನ ಕರಕೊಂಡು ಹೊಂಟಂಗ ಹೊಂಟೀರಲ್ರೀ?” ಎಂದು ಕಂಡಕ್ಟರ್ ಪೀರಾ ಸಾಬ್ ಟಿಕೆಟ್ ಹರಿಯುತ್ತ ನಕ್ಕ.

“ಹೌದಪ್ಪಾ. ನಾಳಿಗೇ ತಿರುಗಿ ತವರಿಗೆ ಕಳಿಸಬೇಕು” ಎಂದು ಸೂಗಪ್ಪನೂ ನಕ್ಕ. ಒಳಗೆ ಮಾತ್ರ ಅವನಿಗೆ ಅಂಜಿಕೆಯೇ ಇತ್ತು.

ಅವನ ವಿಜ್ಞಾನ ವಿಭಾಗಕ್ಕೆ ಸಿಕ್ಕಿದ್ದು ತಾತ್ಕಾಲಿಕ ಮಾನ್ಯತೆ. ಸಾಹೇಬರು ಒಪ್ಪದಿದ್ದರೆ ವಿಭಾಗಕ್ಕೆ ಬೀಗ ಬೀಳುವುದೇ. ಗಂಡು ಹುಡುಗರು ಹೇಗೋ ರಾಯಚೂರಿಗೆ ಹೋಗಿ ಓದಿಯಾರು. ಅರಕೇರಾದ ಕರೆಮ್ಮ ಎಲ್ಲಿಗೆ ಹೋದಾಳು? ಕುರಿ ಕಾಯುವ ಅವಳ ಅಪ್ಪ ಬೂದೆಪ್ಪ ಮಗಳನ್ನು ಸೇರಿಸುವ ದಿನವೇ ಹೇಳಿಬಿಟ್ಟಿದ್ದ: “ದೇವದುರ್ಗ ಆದ್ರ ಓದಸ್ತೀನ್ರೀ ಸರ. ರಾಯಚೂರು ಅಂದ್ರ ನಾ ಒಲ್ಲೆ.” ಇಡೀ ತರಗತಿಯಲ್ಲಿ ಪಾಠವನ್ನು ಬೆಲ್ಲದಂತೆ ಮೆಲ್ಲುವವಳು ಅವಳೊಬ್ಬಳೇ. ಸೂಗಪ್ಪನಿಗೆ ಅವಳ ಮೇಲೆ ಮಗಳಷ್ಟೇ ಅಕ್ಕರೆ.

ಮರುದಿನ ಬೆಳಿಗ್ಗೆ ತಕ್ಕಡಿಯನ್ನು ಮೇಜಿನ ಮೇಲಿಟ್ಟಾಗ ಪ್ರಾಂಶುಪಾಲ ತಾಯಣ್ಣನವರು ವಿದ್ಯಾರ್ಥಿಗಳಿಗೆಲ್ಲ ತಾಕೀತು ಮಾಡಿದರು: “ಯಾರೂ ಕೈ ಹಚ್ಚಬ್ಯಾಡ್ರಿ. ಮಂದಿ ಸಾಮಾನದು. ಏನರೆ ಆದ್ರ ನಮ್ಮ ಮರ್ಯಾದಿ ಹೋಗ್ತದ.”

ಸಾಹೇಬರ ಹೆಸರು ಪರಮಣ್ಣ. ಮೆತ್ತಗೆ ಮಾತಾಡುವ, ವಯಸ್ಸಾದ ಮನುಷ್ಯ. ಕಪಾಟು, ಸೀಸೆ, ತಕ್ಕಡಿ ಎಲ್ಲ ನೋಡಿ ತಲೆಯಾಡಿಸಿದರು. ಅಂಥ ತಕ್ಕಡಿಗಳೆಲ್ಲ ಒಂದೇ ಅಚ್ಚಿನವು. ಮಾನ್ವಿಯಲ್ಲಿ ನೋಡಿದ್ದೇ ಇದೆಂದು ಅವರಿಗೆ ಗುರುತು ಹತ್ತಲಿಲ್ಲ. ಮುಂದಿನ ಸಾಲಿನಲ್ಲಿ ನಿಂತಿದ್ದ ಕರೆಮ್ಮನನ್ನು ಕರೆದು, “ತೂಗೋದು ಹ್ಯಾಂಗ ಹೇಳವ್ವಾ” ಎಂದರು.

ಕರೆಮ್ಮ ಎಲ್ಲಿಯೂ ತಡವರಿಸದೆ ಹೇಳಿದಳು. ಸಾಹೇಬರು ಖುಷಿಪಟ್ಟು ಒಂದು ಚಾಕ್‌ಪೀಸ್ ಕೊಟ್ಟರು. “ಇದನ್ನ ತೂಗಿ ತೋರಸು.”

ಅವಳು ತಕ್ಕಡಿಯ ಮುಂದೆ ಬಂದಳು. ಚಿಮಟಿಗೆ ಬಿಟ್ಟು ಬೆರಳಿನಿಂದಲೇ ತೂಕದ ಬಟ್ಟು ಎತ್ತಿದಳು. ತಿರುಪನ್ನು ಜೋರಾಗಿ ತಿರುಗಿಸಿದ್ದಕ್ಕೆ ತಕ್ಕಡಿಯ ದಂಡ ಖಟ್ಟೆಂದು ಬಡಿಯಿತು. ತಾಯಣ್ಣನವರ ಮುಖ ಬಿಳಿಚಿತು.

“ಬಾಯಿಲೆ ಎಲ್ಲಾ ಬರ್ತದ, ಕೈಲೆ ಯಾಕ ಬರವಲ್ದು?” ಎಂದರು ಸಾಹೇಬರು.

ಕರೆಮ್ಮ ಸೂಗಪ್ಪನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. “ನಾ ದಡ್ಡಿ ಅದೀನ್ರೀ. ನಮ್ಮ ಸರ ಬಾಳ ಸಲ ಮಾಡಿ ತೋರಿಸ್ಯಾರ್ರೀ. ನನ್ನ ತಲಿಗೇ ಹತ್ತಲಿಲ್ರೀ.”

ಸಾಹೇಬರು ಪೆನ್ನು ತೆಗೆದು ಬರೆಯತೊಡಗಿದರು. “ಸಾಮಾನೆಲ್ಲ ಪೂರ್ತಿ ಅವ. ಕಲ್ಯಾಕ ಮಕ್ಕಳಿಗೇ ಆಗವಲ್ದು. ಇವರಿಗೆ ಸೈನ್ಸ್ ಯಾಕ ಬೇಕ್ರೀ ಪ್ರಿನ್ಸಿಪಾಲರ?” ಮಾತಿನಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಆ ಮರುಕವೇ ಸೂಗಪ್ಪನ ಕರುಳಿಗೆ ಚುಚ್ಚಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಬರೀಬ್ಯಾಡ್ರೀ ಸಾಹೇಬರ. ಈ ತಕ್ಕಡಿ ನಿನ್ನಿ ಮಾನ್ವಿಯಿಂದ ನಾನೇ ತಂದೀನಿ. ಹುಡುಗಿ ಇದನ್ನ ಇವತ್ತೇ ಮೊದಲ ಸಲ ಮುಟ್ಟಿದ್ದು” ಎಂದ.

ತಾಯಣ್ಣನವರು ಸ್ಟೂಲಿನ ಮೇಲೆ ಕುಸಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

“ಅಂದ್ರ ಮಾನ್ವಿಯಾಗ ನಾ ಬರದದ್ದೂ ಸುಳ್ಳೇನು?”

“ತಕ್ಕಡಿ ಅವರದೇ, ಖರೇ ಅದರಿ. ಅಲ್ಲಿ ನೋಡಿದ ಮೈಕ್ರೋಸ್ಕೋಪ್ ನಮ್ಮದ್ರೀ.”

ಸಾಹೇಬರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಕೊನೆಗೆ ಬರೆದದ್ದನ್ನು ಹೊಡೆದುಹಾಕಿದರು. “ಎಲ್ಲಾ ಅದ ಅಂತ ಬರಸ್ಕೊಂಡ್ರ ಸರ್ಕಾರ ನಿಮಗ ಯಾಕ ಕೊಡ್ತದ್ರೀ? ಇಲ್ಲ ಅಂತನ ಬರೀತೀನಿ. ಮಾನ್ಯತೆ ಒಂದು ವರ್ಷ ಮುಂದುವರಸ್ತೀನಿ, ಅದಕ್ಕೂ ಹೆಚ್ಚಿಗಿ ನನ್ನ ಕೈಲಿಂದ ಆಗಂಗಿಲ್ಲ. ಇವತ್ತು ಸಂಜಿತನಕ ತಕ್ಕಡಿ ಇಲ್ಲೇ ಇರ್ತದಲ್ಲ? ಮಕ್ಕಳ ಕೈಯಾಗ ಕೊಡ್ರಿ.” ಇಷ್ಟು ಹೇಳಿ ಊಟಕ್ಕೆದ್ದರು. ತಾಯಣ್ಣನವರು ಸೂಗಪ್ಪನ ಮುಖ ನೋಡದೆ ಅವರ ಹಿಂದೆ ಹೋದರು.

ಸೂಗಪ್ಪ ಕರೆಮ್ಮನನ್ನು ತಕ್ಕಡಿಯ ಮುಂದೆ ನಿಲ್ಲಿಸಿ ಚಿಮಟಿಗೆ ಹಿಡಿಯುವುದನ್ನು, ತಿರುಪನ್ನು ಮೆಲ್ಲಗೆ ತಿರುಗಿಸುವುದನ್ನು ತೋರಿಸಿಕೊಟ್ಟ. ಎರಡು ಸಲ ತಪ್ಪಿದಳು. ಮೂರನೆಯ ಸಲ ಮುಳ್ಳು ನಡುವೆ ಬಂದು ನಿಂತಾಗ ಅವಳ ಮುಖ ಅರಳಿತು.

“ಯವ್ವಾ, ನಾ ಒಮ್ಮಿಯೂ ತೋರಿಸಿಲ್ಲಲ್ಲ. ಮತ್ತ ದಡ್ಡಿ ಅಂತ ಯಾಕಂದಿ?” ಎಂದು ಸೂಗಪ್ಪ ಕೇಳಿದ.

ಕರೆಮ್ಮ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. “ನಾ ದಡ್ಡಿ ಅಂದ್ರ ನನ್ನ ಒಬ್ಬಾಕಿದೇ ಮರ್ಯಾದಿ ಹೋಗ್ತದ್ರೀ ಸರ. ತಕ್ಕಡಿ ನಮ್ಮದಲ್ಲ ಅಂದ್ರ ಎಲ್ಲಾರದೂ ಹೋಗ್ತಿತ್ತಲ್ರೀ.”

ಸೂಗಪ್ಪ ಇನ್ನೊಂದು ಚಾಕ್‌ಪೀಸ್ ತೆಗೆದು ಅವಳ ಕೈಗೆ ಕೊಟ್ಟ.