ಹತ್ತಿರ ಬಂದ ಗುರುತು

ಅವಳನ್ನು ಗುಬ್ಬಿ ಎಂದು ಕರೆಯತೊಡಗಿದವನು ಅಣ್ಣ. ನಲವತ್ತು ದಾಟಿ, ಕಿವಿಯ ಪಕ್ಕದಲ್ಲಿ ನರೆ ಇಣುಕಿದ ಮೇಲೂ ಮನೆಯಲ್ಲಿ ಅವಳು ಗುಬ್ಬಿಯೇ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಊರವರ ದೃಷ್ಟಿಯನ್ನೆಲ್ಲ ಸರಿಮಾಡುವ ಈ ಮಹಾರಾಯಿತಿಗೆ ತನ್ನ ಕನ್ನಡಕ ತೆಗೆದರೆ ಎದುರಿಗೆ ನಿಂತವರು ಗಂಡಸೋ ಹೆಂಗಸೋ ತಿಳಿಯುವುದಿಲ್ಲ. ಇಂಥವಳು ಒಂದು ಸಂಜೆ ಊಟಕ್ಕೆ ಕೂತಾಗ, ಟ್ರಯಥ್ಲಾನಿಗೆ ಹೆಸರು ಕೊಟ್ಟು ಬಂದೆ ಎಂದಳು. ಅಣ್ಣನ ಚಮಚ ಬಾಯಿಯ ಹತ್ತಿರವೇ ನಿಂತಿತು.

"ಹಾಗಂದ್ರೆ?" ಎಂದಳು ಅತ್ತಿಗೆ.

"ಮೊದ್ಲು ಕೆರೇಲಿ ಈಜೋದು. ಎದ್ದು ಬಂದು ಸೈಕಲ್ಲು. ಅದು ಮುಗಿದ ಮೇಲೆ ಓಟ. ಎಲ್ಲಾ ಒಂದರ ಹಿಂದೆ ಒಂದು."

"ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾರಾ?"

ಮೂವರೂ ನಕ್ಕರು. ಆದರೆ ಗುಬ್ಬಿಗೆ ಅದು ನಗುವ ವಿಷಯವಾಗಿರಲಿಲ್ಲ.

ತಾಯಿ ತೀರಿಕೊಂಡ ಮೇಲೆ ಅವಳಿಗೆ ಜಡೆ ಹೆಣೆದವನು ಅಣ್ಣ. ಶಾಲೆಗೆ ಸೇರಿಸಿದವನು, ಅಂಗಡಿಯಲ್ಲಿ ಕೆಲಸ ಹುಡುಕಿಕೊಟ್ಟವನು, ಗಂಡು ನೋಡಿದವನು, ಎಲ್ಲ ಅವನೇ. ಗಂಡನ ಜೊತೆ ಜಗಳವಾಡಿಕೊಂಡು ಬಂದಾಗ, ಯಾಕೆ ಎಂದೂ ಕೇಳದೆ ಕೋಣೆ ಗುಡಿಸಿ ಕೊಟ್ಟವನೂ ಅವನೇ. ಆ ಸಿಟ್ಟಿನಲ್ಲಿ ಅವಳು ಗಂಡನ ನಂಬರು ಬ್ಲಾಕ್ ಮಾಡಿದ್ದಳು. ಬೇಕಾದರೆ ಬಾಗಿಲಿಗೆ ಬಂದು ಕರೆಯಲಿ ಎಂಬ ಹಟ. ಸಿಟ್ಟು ಇಳಿಯಿತು, ಹಟ ಇಳಿಯಲಿಲ್ಲ. ತಿಂಗಳುಗಟ್ಟಲೆ ಗೇಟಿನ ಸದ್ದಿಗೆ ಕಿವಿಯಾಗಿ ಕೂತಳು. ಯಾರೂ ಬರಲಿಲ್ಲ. "ಬರೋನಾಗಿದ್ರೆ ಬರ್ತಿದ್ದ, ಬಿಡು," ಎಂದ ಅಣ್ಣ. ಕೊನೆಗೆ ಕೋರ್ಟಿನ ಕಾಗದ ಬಂತು, ಸಹಿ ಹಾಕಿದಳು. ಹೋದ ವರ್ಷ ಅವನು ಇನ್ನೊಂದು ಮದುವೆಯಾದನಂತೆ. ಒಂದು ಸಲವೂ ಬಂದು ಕರೆಯುವಷ್ಟು ಬೆಲೆ ತನಗಿರಲಿಲ್ಲ ಎಂಬ ಮಾತು ಅವಳ ಒಳಗೆ ಕೂತುಬಿಟ್ಟಿತು. ಯಾರ ಬೆಂಬಲವೂ ಇಲ್ಲದೆ ಒಂದೇ ಒಂದು ಕೆಲಸ ಮಾಡಿ ತೋರಿಸಬೇಕು, ಬೇರೆಯವರಿಗಲ್ಲ, ತನಗೇ, ಎಂದು ಹೆಸರು ಕೊಟ್ಟಿದ್ದಳು.

ಸೈಕಲ್ಲಿಗೆ ಹೆದರಿಕೆಯಿಲ್ಲ. ಓಟವೂ ಏದುಸಿರು ಬಿಡುತ್ತಾ ಹೇಗೋ ಕೈಗೆ ಬಂತು. ಈಜುಕೊಳದಲ್ಲೂ ತೊಂದರೆಯಾಗಲಿಲ್ಲ, ಸುಸ್ತಾದರೆ ಗೋಡೆ ಹಿಡಿಯಬಹುದು, ಕಾಲು ಇಳಿಬಿಟ್ಟರೆ ನೆಲ ಸಿಗುತ್ತದೆ. ಕೆರೆಗೆ ಗೋಡೆಯಿಲ್ಲ, ನೆಲವೂ ಇಲ್ಲ. ಮೊದಲ ದಿನ ಕೆಳಗಿನ ಕಪ್ಪು ನೀರು ನೋಡಿ ಅವಳ ಜೀವ ಬಾಯಿಗೆ ಬಂತು. ದಡಕ್ಕೆ ಬಂದು ಮಂಡಿಯ ಮೇಲೆ ತಲೆಯಿಟ್ಟು ಚಿಕ್ಕ ಮಕ್ಕಳಂತೆ ಅತ್ತಳು.

ಆ ಕೆರೆಯ ದಂಡೆಯಲ್ಲೇ ಅಣ್ಣನ ಶೆಡ್ಡು. ದೋಣಿಗಳನ್ನು ಬಾಡಿಗೆಗೆ ಕೊಡುವುದು, ಸೋರುವುದನ್ನು ರಿಪೇರಿ ಮಾಡುವುದು ಅವನ ಕಸುಬು. ಅವನು ಬಿಟ್ಟಾನೆಯೇ? "ನಾನು ದೋಣೀಲಿ ಪಕ್ಕದಲ್ಲೇ ಇರ್ತೀನಿ. ಅಲ್ಲಿ ಒಂದು ಗುರುತು ಹಾಕ್ತೀನಿ, ಅದನ್ನ ಮುಟ್ಟಿ ವಾಪಸ್ಸು ಬಾ. ಪಂದ್ಯದಲ್ಲಿ ಇರೋದೂ ಅಷ್ಟೇ ದೂರ." ಬೇಡ ಎನ್ನಲು ಬಾಯಿ ತೆರೆದಳು. ಆ ಕಪ್ಪು ನೀರಿಗೆ ಒಬ್ಬಳೇ ಇಳಿಯುವ ಧೈರ್ಯ ಬರಲಿಲ್ಲ, ಒಪ್ಪಿಕೊಂಡಳು.

ನೀರಲ್ಲಿ ತೇಲುವ ಕಿತ್ತಳೆ ಬಣ್ಣದ ದೊಡ್ಡ ಪ್ಲಾಸ್ಟಿಕ್ ಬುರುಡೆಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಕಲ್ಲು ಕಟ್ಟಿ ಅವನು ನೀರಿಗೆ ಬಿಟ್ಟ. ಪವರಿನ ಕನ್ನಡಕವಿಲ್ಲದೆ ಗುಬ್ಬಿ ತಲೆಯೆತ್ತಿದಾಗ ಅವಳಿಗೆ ಕಾಣುತ್ತಿದ್ದದ್ದು ಒಂದು ಮಬ್ಬು ಕಿತ್ತಳೆ ಚುಕ್ಕೆ, ಅಷ್ಟೇ. ಆದರೆ ವಾರ ಕಳೆಯುವುದರೊಳಗೆ ಅದನ್ನು ಮುಟ್ಟಿದಳು! ಮರುವಾರ ಇನ್ನೂ ಸಲೀಸಾಗಿ. ಅವಳು ಸೋತಂತೆ ಕಂಡಾಗೆಲ್ಲ ಅಣ್ಣ "ಮುಂದೆ ಹೋಗಿ ನೋಡ್ತೀನಿ" ಎಂದು ದೋಣಿ ಬಿಡುತ್ತಿದ್ದ, ಅವಳು ಕಣ್ಣುಮುಚ್ಚಿ ಕೈ ಬೀಸಿದರೆ ಬುರುಡೆ ಸಿಕ್ಕೇ ಸಿಗುತ್ತಿತ್ತು. ನೆಲದ ಮೇಲೆ ಕಾಲು ನಿಲ್ಲದಷ್ಟು ಹಿಗ್ಗು. ಅಂಗಡಿಯಲ್ಲಿ ಗಿರಾಕಿಗಳಿಗೂ ಹೇಳಿದಳು, ಪಾಪ, ಓದುವ ಕನ್ನಡಕಕ್ಕೆ ಬಂದವರಿಗೆ.

"ಊರಿಗೆಲ್ಲ ಗಾಜು ಕೂರಿಸ್ತೀಯ," ಎಂದಳು ಅಂಗಡಿಯ ಯಜಮಾನಿ. "ನಿನ್ನ ಈಜು ಕನ್ನಡಕಕ್ಕೆ ಪವರ್ ಹಾಕ್ಕೊಳ್ಳೋಕೆ ಏನ್ ರೋಗ?"

ಹೌದಲ್ಲ! ಅಂದೇ ತನ್ನ ಪವರಿನ ಗಾಜು ಉಜ್ಜಿ, ಈಜು ಕನ್ನಡಕದ ಒಳಗೆ ಅಂಟಿಸಿದಳು. ಅಣ್ಣನಿಗೆ ಹೇಳಲಿಲ್ಲ, ಮುಟ್ಟಿದ ಮೇಲೆ ಹೇಳೋಣ ಎಂದುಕೊಂಡಳು.

ಮಾರನೆಯ ಬೆಳಿಗ್ಗೆ ನೀರಿನಿಂದ ತಲೆಯೆತ್ತಿದಾಗ ಕೆರೆ ಮೊದಲ ಬಾರಿಗೆ ಪೂರ್ತಿ ಕಂಡಿತು. ಆಚೆ ದಡದ ಮರಗಳು, ಬೇಲಿಗೆ ಒರಗಿಸಿದ ಸೈಕಲ್ಲು, ಎಲ್ಲವೂ ನಿಚ್ಚಳ. ಅಣ್ಣ ಮುಂದೆ ಹೋಗಿದ್ದ. ದೋಣಿ ಬುರುಡೆಯ ಪಕ್ಕದಲ್ಲಿ ನಿಂತಿತ್ತು. ಅವನು ಬಗ್ಗಿ, ಹಗ್ಗ ಎಳೆದು, ಕಲ್ಲನ್ನು ದೋಣಿಯೊಳಗೆ ಹಾಕಿಕೊಂಡ. ನಂತರ ಅವಳಿಗೆ ಬೆನ್ನು ಮಾಡಿ ಕೂತು, ಅವಳ ಕಡೆಗೇ ಹುಟ್ಟು ಹಾಕತೊಡಗಿದ. ಹಿಂದೆ ಬುರುಡೆ ತೇಲುತ್ತಾ ಬಂತು.

ಗುಬ್ಬಿ ಈಜುವುದನ್ನು ಬಿಟ್ಟು ಇದ್ದಲ್ಲೇ ತೇಲಿದಳು. ಕೂಗಲಿಲ್ಲ. ಅವನು ಕಲ್ಲನ್ನು ಮೆಲ್ಲಗೆ ನೀರಿಗಿಳಿಸುವವರೆಗೂ ನೋಡಿದಳು. ಈಜಿ ಹೋಗಿ ಬುರುಡೆ ಮುಟ್ಟಿದಳು.

"ಭೇಷ್! ಪೂರ್ತಿ ಬಂದೆ!" ಎಂದ ಅಣ್ಣ, ಅವಳ ಮುಖವನ್ನೇ ನೋಡುತ್ತಾ. ಆ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಇಷ್ಟು ಸಲೀಸಾಗಿ ಸುಳ್ಳು ಹೇಳಲು ಒಂದೆರಡು ದಿನದ ಅಭ್ಯಾಸ ಸಾಲದು.

ಮನೆಗೆ ಬಂದು, ಅತ್ತಿಗೆಯ ಎದುರಿಗೇ, ಅಡುಗೆಮನೆಯಲ್ಲಿ ಕೇಳಿದಳು. "ಯಾವಾಗಿಂದ ಎಳೀತಿದ್ದೀಯ ಅದನ್ನ?"

ಅಣ್ಣ ಕುಂಟು ನೆಪ ಹುಡುಕಿದ, ಸಿಗಲಿಲ್ಲ. "ಮೊದಲನೇ ವಾರದಿಂದ," ಎಂದ. "ನೀನು ಅಳ್ತಾ ಕೂತಿದ್ದೆ. ನೋಡೋಕಾಗ್ಲಿಲ್ಲ ಕಣೇ."

"ನೋಡೋಕಾಗ್ದಿದ್ರೆ ಆಚೆ ತಿರುಗ್ಬೇಕಿತ್ತು! ನನ್ನ ಕಣ್ಣಿಗೆ ಮಣ್ಣೆರಚೋದಾ? ಭಾನುವಾರ ಪಂದ್ಯದಲ್ಲಿ ಯಾರು ಎಳೀತಾರೆ, ನೀನಾ?"

ಅವನು ಲೋಟ ತೆಗೆದು ನೀರು ತುಂಬಿಕೊಂಡ.

"ಇನ್ನೂ ಏನೇನು ಹೀಗೆ ಮಾಡಿದ್ದೀಯ ನಂಗೆ ಗೊತ್ತಿಲ್ದೆ?"

ಅದು ಸಿಟ್ಟಿನಲ್ಲಿ ಬಂದ ಮಾತು. ಆದರೆ ಅತ್ತಿಗೆ ಥಟ್ಟನೆ ಸಿಂಕಿನ ಕಡೆ ತಿರುಗಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ಉಜ್ಜತೊಡಗಿದಳು. ಅಣ್ಣ ನೆಲ ನೋಡಿದ. ಏನು ಕೇಳಬೇಕೆಂದು ಗುಬ್ಬಿಗೆ ಆ ಕ್ಷಣವೇ ತಿಳಿಯಿತು, ಗೇಟಿನ ಸದ್ದಿಗೆ ಕಾದ ಆ ತಿಂಗಳುಗಳ ವಿಷಯ. ಕೇಳಿದರೂ ಇವನು ಹೇಳುವುದು ನಿಜವೆಂದು ನಂಬುವುದು ಹೇಗೆ?

"ಭಾನುವಾರ ನಾನು ಹೋಗೋದು ಹೋಗೋದೇ," ಎಂದಳು. "ನೀನು ಬರೋದಾದ್ರೆ ಬಾ. ಸುಳ್ಳು ಹೇಳೋದಾದ್ರೆ ಮನೇಲೇ ಬಿದ್ದಿರು."

ಉಳಿದ ದಿನಗಳಲ್ಲಿ ಅವಳು ಈಜುಕೊಳಕ್ಕೇ ಹೋದಳು, ಗೋಡೆ ಮುಟ್ಟದೆ ಸುತ್ತು ಹಾಕಿದಳು. ಮನೆಯಲ್ಲಿ ಮೂವರೂ ಉಪ್ಪು ಕೊಡು, ನೀರು ಕೊಡು ಎನ್ನುವಷ್ಟೇ ಮಾತಾಡಿದರು.

ಭಾನುವಾರ ತಣ್ಣನೆಯ ಬೆಳಗು. ಉದ್ದನೆಯ ಕಂಬಿಗೆ ಸಾಲಾಗಿ ಸೈಕಲ್ಲುಗಳು, ಒಂದೊಂದರ ಕೆಳಗೂ ಬಾಯಿ ತೆರೆದ ಬೂಟು. ಗುಬ್ಬಿ ತನ್ನ ಬೂಟಿನ ದಾರವನ್ನು ಮತ್ತೆ ಮತ್ತೆ ಸಡಿಲಿಸಿದಳು. ಸೀಟಿ ಊದಿದ ಕೂಡಲೇ ಎಲ್ಲರೂ ನೀರಿಗೆ ನುಗ್ಗಿದರು. ಯಾರದೋ ಮೊಣಕೈ, ಯಾರದೋ ಹಿಮ್ಮಡಿ, ಬಾಯ್ತುಂಬ ನೀರು. ಹಾಗೂ ಹೀಗೂ ಗುಂಪಿನಿಂದ ಹೊರಬಂದು ತಲೆಯೆತ್ತಿದಳು. ಹಳದಿ ಗುರುತು ಸ್ಪಷ್ಟವಾಗಿ ಕಂಡಿತು. ಎಷ್ಟೊಂದು ದೂರ! ಎಷ್ಟು ಕೈ ಬೀಸಿದರೂ ಅದು ಇದ್ದಲ್ಲೇ ಇತ್ತು. ನಿಜವಾದ ಗುರುತು ಯಾರ ಕಣ್ಣೀರಿಗೂ ಕರಗುವುದಿಲ್ಲ. ರಕ್ಷಣಾ ದೋಣಿಯ ಅಂಚು ಹಿಡಿದು ಸುಧಾರಿಸಿಕೊಂಡಳು. ಹಿಡಿದುಕೊಂಡು ದಣಿವಾರಿಸಿಕೊಳ್ಳಬಹುದು, ದೋಣಿ ಮುಂದೆ ಎಳೆಯಬಾರದು, ಅಷ್ಟೇ ನಿಯಮ. ಮತ್ತೆ ಬಿಟ್ಟಳು, ಮತ್ತೆ ಈಜಿದಳು. ತೋಳುಗಳು ಇನ್ನು ತಮ್ಮ ಕೈಲಾಗದು ಎಂದವು. ಕೈಯೆತ್ತಿದಳು. ಎಳೆದು ದೋಣಿಗೆ ಹಾಕಿಕೊಂಡರು.

ದಡದಲ್ಲಿ ಟವೆಲ್ ಹಿಡಿದು ಅಣ್ಣ ನಿಂತಿದ್ದ. ಹೊದಿಸಿದ. ಅವಳು ಹುಲ್ಲಿನ ಮೇಲೆ ಕುಸಿದು ಕೂತಳು.

"ನಾನು ಎಷ್ಟು ದೂರ ಹೋಗಿದ್ದೆ?"

"ಇವತ್ತು ಗಾಳಿ ಸ್ವಲ್ಪ..." ಎಂದು ಶುರುಮಾಡಿದ ಅಣ್ಣ, ನಿಲ್ಲಿಸಿದ. ನೀರಿನ ಕಡೆ ನೋಡಿದ. "ಅರ್ಧಾನೂ ಆಗಿರ್ಲಿಲ್ಲ."

ಗುಬ್ಬಿ ತಲೆಯಾಡಿಸಿದಳು. ನೋವಾಯಿತು, ಅದಕ್ಕಿಂತ ಹೆಚ್ಚಾಗಿ ಒಂದು ನೆಮ್ಮದಿಯೂ ಆಯಿತು. ಸೋಲು ಪೂರ್ತಿ ಅವಳದೇ, ಯಾರೂ ಕೈ ಹಾಕಿರಲಿಲ್ಲ. ಇವನ ಮಾತನ್ನು ಈಗ ನಂಬಬಹುದು ಅನ್ನಿಸಿದ್ದರಿಂದಲೇ ಕೇಳಿದಳು.

"ಅವರು ಬಂದಿದ್ರಾ, ನನ್ನ ಕರ್ಕೊಂಡು ಹೋಗೋಕೆ?"

ಸೈಕಲ್ಲುಗಳು ಒಂದೊಂದೇ ಸರ್ರನೆ ಹೊರಟವು. ಅಣ್ಣ ಅವಳ ಪಕ್ಕದಲ್ಲಿ ಕೂತ.

"ಎರಡು ಸಲ," ಎಂದ. "ನೀನು ಅಂಗಡೀಲಿದ್ದೆ. ನಿಂಗೆ ಇಷ್ಟ ಇಲ್ಲ, ಮತ್ತೆ ಬರ್ಬೇಡ ಅಂತ ಹೇಳ್ಬಿಟ್ಟೆ. ಆ ಮನೆಗೆ ಹೋಗಿ ಮತ್ತೆ ಅತ್ಕೊಂಡು ಬರ್ತೀಯ ಅಂತ ಭಯ. ಎರಡನೇ ಸಲ ಅವನೂ ಅಳ್ತಿದ್ದ, ಗುಬ್ಬಿ."

ಅವಳು ಟವೆಲ್ ಬಿಗಿಯಾಗಿ ಸುತ್ತಿಕೊಂಡಳು. ಒದ್ದೆ ಕೂದಲಿನಿಂದ ನೀರು ಬೆನ್ನಿಗಿಳಿಯುತ್ತಿತ್ತು.

"ನಾನು ದಿನಾ ಕಾಯ್ತಿದ್ದೆ, ಅಣ್ಣ."

"ಗೊತ್ತಿತ್ತು," ಎಂದ ಅಣ್ಣ.